ಊರು ಹೇಗಿದೆಯೆಂದು ಯಾರನ್ನು ಕೇಳುತ್ತೀರಿ?

ಈಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ಒಂದು ಹೊಸ ಪದ್ಧತಿ ಬೆಳೆದು ಬಂದಿದೆ. ಹಿಂದೆ ಪೌರರು ಅರ್ಜಿ ಹಿಡಿದು ನಗರಸಭೆಯ ಬಾಗಿಲಿಗೆ ಹೋಗುತ್ತಿದ್ದರು. ಈಗ ನಗರಸಭೆಯ ಪರವಾಗಿಯೋ ಸರಕಾರದ ಪರವಾಗಿಯೋ ಜನ ಪೌರರ ಬಾಗಿಲಿಗೆ ಬಂದು, "ನಳದ ನೀರು ಹೇಗಿದೆ? ಕಸ ಎತ್ತುತ್ತಾರೆಯೆ? ರಸ್ತೆ ಸರಿಯಿದೆಯೆ? ಒಟ್ಟಿನಲ್ಲಿ ನೀವು ತೃಪ್ತರೋ ಅತೃಪ್ತರೋ?" ಎಂದು ಕೇಳಿ ಬರೆದುಕೊಳ್ಳುತ್ತಾರೆ. ಇದಕ್ಕೆ ಪೌರರ ಸಂತೃಪ್ತಿ ಸಮೀಕ್ಷೆ ಎಂದು ಹೆಸರು. ಇದನ್ನು ಕಂಡು ನಗುವವರು ನಮ್ಮಲ್ಲಿ ಅನೇಕರಿದ್ದಾರೆ. ನಾವು ನಗುವುದಿಲ್ಲ. ಕೇಳುವುದು ಒಳ್ಳೆಯದೇ. ಕೇಳದೆ ಬಡಿಸುವ ಮಾಣಿಗಿಂತ ಕೇಳಿ ಬಡಿಸುವ ಮಾಣಿ ಮೇಲು. ಆದರೆ ಯಾರನ್ನು ಕೇಳುತ್ತಾರೆ, ಯಾವ ಹೊತ್ತಿನಲ್ಲಿ ಕೇಳುತ್ತಾರೆ, ಏನೆಂದು ಕೇಳುತ್ತಾರೆ, ಕೇಳಿದ ಮೇಲೆ ಏನು ಮಾಡುತ್ತಾರೆ, ಈ ನಾಲ್ಕು ಮಾತುಗಳ ಮೇಲೆ ಎಲ್ಲವೂ ನಿಂತಿದೆ. ಈ ನಾಲ್ಕರಲ್ಲಿ ಮೊದಲನೆಯದರಲ್ಲೇ ನಮ್ಮಂಥವರು ಲೆಕ್ಕದಿಂದ ಬಿದ್ದುಹೋಗುತ್ತೇವೆ. ಆದುದರಿಂದ ಈ ಲೇಖನ.

ನಾವು ಕಣ್ಣಾರೆ ಕಂಡ ಸಂಗತಿಯನ್ನೇ ಮೊದಲು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ, ನಾವಿನ್ನೂ ಮುಂಬಯಿಯ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದಾಗ, ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕತ್ತಿನಲ್ಲಿ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ತರುಣ ಬಂದ. ನಾಷ್ಟಾದ ಗಿರಾಕಿ ಮುಗಿದು ಊಟದ ತಯಾರಿ ನಡೆದಿತ್ತು. ಅವನು ಗಲ್ಲೆಯ ಬಳಿ ಕುಳಿತ ಧಣಿಗಳನ್ನು ಕೇಳಿದ. ನೀರು ಹೇಗೆ, ಗಟಾರ ಹೇಗೆ, ದೀಪ ಹೇಗೆ? ಧಣಿಗಳು ಗಿರಾಕಿಗೆ ಚಿಲ್ಲರೆ ಕೊಡುತ್ತಲೇ, "ಎಲ್ಲ ಠೀಕ್ ಇದೆ, ಬರಕೊಳ್ಳಿ" ಎಂದರು. ತರುಣ ಬರೆದುಕೊಂಡ, ಒಂದು ಕಾಫಿ ಕುಡಿದ, ಹೋದ. ಹತ್ತು ನಿಮಿಷದ ಕೆಲಸ.

ಆ ಕಟ್ಟಡದಲ್ಲಿ ರಾತ್ರಿ ಮಲಗುತ್ತಿದ್ದವರು ನಾವು ಇಪ್ಪತ್ತೆರಡು ಜನ. ಅಟ್ಟದ ಮೇಲೆ ಹತ್ತು ಮಂದಿ, ಬಾಗಿಲು ಹಾಕಿದ ಮೇಲೆ ಮೇಜುಗಳ ನಡುವೆ ಉಳಿದವರು. ನಳಕ್ಕೆ ನೀರು ಬರುವ ಹೊತ್ತು ನಮಗೆ ಗೊತ್ತಿತ್ತು, ಏಕೆಂದರೆ ಎದ್ದು ಡ್ರಮ್ಮು ತುಂಬುತ್ತಿದ್ದವರು ನಾವು. ಹಿಂದಿನ ಗಲ್ಲಿಯ ಗಟಾರ ಯಾವಾಗ ಕಟ್ಟುತ್ತದೆಂದು ನಮಗೆ ಗೊತ್ತಿತ್ತು, ಏಕೆಂದರೆ ಅದರ ಅಂಚಿನಲ್ಲಿ ಕುಳಿತು ಪಾತ್ರೆ ತೊಳೆಯುತ್ತಿದ್ದವರು ನಾವು. ಇಪ್ಪತ್ತೆರಡು ಮಂದಿಗೆ ಒಂದು ಸಂಡಾಸು. ಅದು ಕೆಟ್ಟ ದಿನ ಹಣ ಕೊಟ್ಟು ಹೋಗುವ ಸಾರ್ವಜನಿಕ ಶೌಚಾಲಯದ ಇದಿರು ಸಾಲು ನಿಲ್ಲುತ್ತಿದ್ದವರು ನಾವು. ನಮ್ಮಲ್ಲಿ ಒಬ್ಬನನ್ನೂ ಆ ತರುಣ ಕೇಳಲಿಲ್ಲ. ಧಣಿಗಳಾದರೋ ಪ್ರತಿ ರಾತ್ರಿ ಲೋಕಲ್ ಗಾಡಿ ಹತ್ತಿ ದೂರದ ಉಪನಗರದ ತಮ್ಮ ಮನೆಗೆ ಹೋಗುತ್ತಿದ್ದವರು. ಅಂದರೆ ಆ ವಾರ್ಡಿನಲ್ಲಿ ವಾಸವಿಲ್ಲದ ಒಬ್ಬರು ಆ ವಾರ್ಡಿನ ಸಂತೃಪ್ತ ನಿವಾಸಿಯಾಗಿ ಲೆಕ್ಕಕ್ಕೆ ಸೇರಿದರು. ವಾಸವಿದ್ದ ಇಪ್ಪತ್ತೆರಡು ಮಂದಿ ಸೇರಲಿಲ್ಲ.

ಧಣಿಗಳ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟರು. ಆ ತರುಣನ ಮೇಲೂ ನಮಗೆ ಸಿಟ್ಟಿಲ್ಲ. ಅವನೂ ದಿನಗೂಲಿಯ ಹುಡುಗನೇ ಇರಬೇಕು, ಇಂತಿಷ್ಟು ಫಾರಂ ತುಂಬಿಸಿದರೆ ಇಂತಿಷ್ಟು ದುಡ್ಡು. ತಪ್ಪು ಇರುವುದು ಸಮೀಕ್ಷೆಯನ್ನು ಯೋಜಿಸಿದ ಮೇಜಿನ ಮೇಲೆ. "ನಿವಾಸಿ ಎಂದರೆ ಯಾರು?" ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿಕೊಂಡಿರಲಿಲ್ಲ.

ಸಾಮಾನ್ಯವಾಗಿ ಇಂಥ ಕೆಲಸಕ್ಕೆ ಜನರನ್ನು ಆರಿಸುವುದು ಮನೆಗಳ ಪಟ್ಟಿಯಿಂದ, ಮತದಾರರ ಪಟ್ಟಿಯಿಂದ, ಇಲ್ಲವೇ ಮೊಬೈಲಿನ ಮೂಲಕ. ನಮ್ಮವರ ಗತಿ ನೋಡಿ. ನಮಗೆ ಮನೆಯಿಲ್ಲ, ಮಲಗುವ ಜಾಗವಿದೆ. ನಮ್ಮ ಮತ ಕುಂದಾಪುರದಲ್ಲೋ ಕಾರ್ಕಳದಲ್ಲೋ ಇಂಡಿಯಲ್ಲೋ ಜೇವರ್ಗಿಯಲ್ಲೋ ಇದೆ. ಮೊಬೈಲು ಉಂಟು, ಆದರೆ ಮಧ್ಯಾಹ್ನದ ಗಿರಾಕಿಯ ಹೊತ್ತಿಗೆ ಕರೆ ಬಂದರೆ ಎತ್ತಿ ಮಾತಾಡುವವರಾರು? ಹೀಗೆ ಮೂರು ಜರಡಿಯಲ್ಲೂ ನಾವು ಕೆಳಗೆ ಸೋರಿಹೋಗುತ್ತೇವೆ. ಇಲ್ಲಿ ಮತವಿಲ್ಲದವನಿಗೆ ನಗರಸೇವಕರ ಬಳಿ ಬೆಲೆ ಕಡಿಮೆ. 2022ರ ಮಾರ್ಚ್ ತಿಂಗಳಲ್ಲಿ ಮುಂಬಯಿ ಮಹಾನಗರಪಾಲಿಕೆಯ ಅವಧಿ ಮುಗಿದು, ಚುನಾವಣೆಯಿಲ್ಲದೆ ಮೂರು ವರ್ಷಕ್ಕೂ ಮಿಕ್ಕಿ ಆಡಳಿತಾಧಿಕಾರಿಗಳೇ ಕೆಲಸ ನಡೆಸಿದಾಗ ಮತವಿದ್ದವರಿಗೂ ಅದೇ ಅನುಭವವಾಯಿತು. ದೂರು ಹೇಳಲು 227 ಸದಸ್ಯರಲ್ಲಿ ಒಬ್ಬರೂ ಇರಲಿಲ್ಲ. ಮತದ ಮೂಲಕ ಮಾತಾಡಲಾರದವನಿಗೆ ಸಮೀಕ್ಷೆಯೊಂದೇ ನಗರಸಭೆಯ ಕಿವಿ. ಆ ಕಿವಿಯೂ ನಮ್ಮ ಕಡೆ ತಿರುಗದಿದ್ದರೆ ನಾವು ಯಾರಿಗೆ ಹೇಳೋಣ?

ಇದು ಬರಿಯ ಮಾನಾಪಮಾನದ ಪ್ರಶ್ನೆಯೆಂದು ಯಾರೂ ತಿಳಿಯಬಾರದು, ಪ್ರಾಣದ ಪ್ರಶ್ನೆ. 2017ರ ಡಿಸೆಂಬರ್ 18ರ ನಸುಕಿನಲ್ಲಿ ಸಾಕಿನಾಕಾದ ಖೈರಾನಿ ರಸ್ತೆಯ ಒಂದು ಫರಸಾಣ ಅಂಗಡಿಗೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಕೆಲಸಗಾರರಲ್ಲಿ 12 ಮಂದಿ ಸತ್ತರು. ಹನ್ನೊಂದು ದಿನಗಳ ಮೇಲೆ, ಡಿಸೆಂಬರ್ 29ರಂದು, ಹಳೆಯ ಗಿರಣಿಯೊಂದರ ಆವರಣದಲ್ಲಿ ಎದ್ದಿದ್ದ ಹೋಟೆಲುಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಎರಡನೆಯ ಸುದ್ದಿ ದೇಶದ ತುಂಬ ಹಬ್ಬಿತು; ಮೊದಲನೆಯದು ಬೇಗ ಮರೆತುಹೋಯಿತು. ನಾವು ಕೇಳುವುದಿಷ್ಟೆ: ಖೈರಾನಿ ರಸ್ತೆಯ ಆ ಹನ್ನೆರಡು ಮಂದಿ ಬದುಕಿದ್ದಾಗ ಯಾವ ಸಮೀಕ್ಷೆಯಲ್ಲಿ ನಿವಾಸಿಗಳಾಗಿದ್ದರು? "ನೀನು ರಾತ್ರಿ ಎಲ್ಲಿ ಮಲಗುತ್ತೀ? ಹೊರಗೆ ಬರಲು ಎಷ್ಟು ಬಾಗಿಲು?" ಎಂದು ಯಾರಾದರೂ ಕೇಳಿದ್ದರೆ? ಇಂಥ ಜಾಗಗಳು ಎಲ್ಲೆಲ್ಲಿವೆಯೆಂದು ಪಾಲಿಕೆಯ ಕಾಗದದಲ್ಲಿ ಬಂದಿದ್ದರೆ, ತಪಾಸಣೆಗೆ ಒಂದು ದಾರಿಯಾದರೂ ಇರುತ್ತಿತ್ತು.

ಕುಟುಂಬವಿಲ್ಲದೆ ದುಡಿಯುವವನನ್ನು ಲೆಕ್ಕಕ್ಕೆ ಹಿಡಿಯುವುದು ಕಷ್ಟ ಎಂದು ಅಧಿಕಾರಿಗಳು ಹೇಳಬಹುದು. ಕಷ್ಟವಲ್ಲ, ನೂರು ವರ್ಷಗಳ ಹಿಂದೆಯೇ ಇದೇ ಊರಿನಲ್ಲಿ ಮಾಡಿದ್ದಾರೆ. 1921-22ರಲ್ಲಿ ಮುಂಬಯಿ ಸರಕಾರದ ಲೇಬರ್ ಆಫೀಸು ದುಡಿಯುವ ಜನರ ಖರ್ಚುವೆಚ್ಚದ ವಿಚಾರಣೆ ನಡೆಸಿತು. ಫಿಂಡ್ಲೆ ಶಿರಾಸ್ ಎಂಬ ಅಧಿಕಾರಿ ಬರೆದ ವರದಿ 1923ರಲ್ಲಿ ಹೊರಬಂತು. ಅದರಲ್ಲಿ 2,473 ಕುಟುಂಬಗಳ ಲೆಕ್ಕದ ಜೊತೆಗೆ, ಒಂಟಿಯಾಗಿ ಇದ್ದ 603 ಗಂಡಸರ ಲೆಕ್ಕವನ್ನೂ ಬೇರೆಯಾಗಿ ತೆಗೆದುಕೊಂಡಿದ್ದರು. ಆ ಕಾಲದ ಗಿರಣಿ ಊರಿನಲ್ಲಿ ಒಂದೇ ಖೋಲಿಯಲ್ಲಿ ಹತ್ತು ಹನ್ನೆರಡು ಮಂದಿ ಪಾಳಿಯ ಪ್ರಕಾರ ಮಲಗುತ್ತಿದ್ದರು. ಒಬ್ಬನು ಎದ್ದ ಚಾಪೆಯ ಮೇಲೆ ಇನ್ನೊಬ್ಬನು ಬಿದ್ದುಕೊಳ್ಳುತ್ತಿದ್ದ. ಪರಳ, ಲಾಲಬಾಗ, ವರಳಿಗಳಲ್ಲಿ ದುಡಿದ ನಮ್ಮ ಹಿರಿಯರನ್ನು ಕೇಳಿದರೆ ಆ ಕತೆ ಇಂದಿಗೂ ಹೇಳುತ್ತಾರೆ. 1982ರ ಜನವರಿ 18ರಂದು ತೊಡಗಿದ ಮುಷ್ಕರದ ಮೇಲೆ ಆ ಗಿರಣಿಗಳ ಲೋಕ ಮುಳುಗಿತು. ಒಂಟಿ ದುಡಿಮೆಗಾರನೇನೂ ಮುಳುಗಲಿಲ್ಲ. ಅವನು ಹೋಟೆಲಿನ ಅಟ್ಟದಲ್ಲಿ, ಕಟ್ಟಡ ಕಟ್ಟುವ ಜಾಗದ ಶೆಡ್ಡಿನಲ್ಲಿ, ಕಾವಲುಗಾರನ ಕುರ್ಚಿಯಲ್ಲಿ ಇದ್ದಾನೆ. ಪರಕೀಯರ ಆಳಿಕೆಯಲ್ಲಿ ಅವನಿಗೆ ವರದಿಯಲ್ಲಿ ಒಂದು ಪ್ರತ್ಯೇಕ ಸ್ಥಾನವಿತ್ತು. ನಮ್ಮ ಆಳಿಕೆಯಲ್ಲಿ ಅದೂ ಬೇಡವೆ?

ಜನಗಣತಿಯವರೂ ಇದನ್ನು ಬಲ್ಲರು. 2011ರ ಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಲು ಫೆಬ್ರವರಿ 28ರ ರಾತ್ರಿಯನ್ನು ಗೊತ್ತುಮಾಡಿ, ಪಾದಚಾರಿ ದಾರಿಗಳ ಮೇಲೂ ರೈಲು ನಿಲ್ದಾಣಗಳಲ್ಲೂ ಮಲಗಿದವರ ಬಳಿಗೆ ಹೋದರು. ಗಣತಿಯವರು ರಾತ್ರಿ ಹೋಗಬಲ್ಲರಾದರೆ ಸಮೀಕ್ಷೆಯವರು ಹೋಗಲಾರರೆ? ನಾವು ಸೂಚಿಸುವ ಹೊತ್ತು ಎರಡು: ಮಧ್ಯಾಹ್ನ ಮೂರರಿಂದ ಐದು, ಹೋಟೆಲಿನಲ್ಲಿ ಕೈ ಸ್ವಲ್ಪ ಬಿಡುವಾಗುವ ಸಮಯ, ಮತ್ತು ರಾತ್ರಿ ಹನ್ನೊಂದೂವರೆಯ ಮೇಲೆ, ಬಾಗಿಲು ಹಾಕಿ ನೆಲ ತೊಳೆದಾದ ಬಳಿಕ. ರಾತ್ರಿ ಪಾಳಿಯವರನ್ನು ಬೆಳಿಗ್ಗೆ ಅವರು ಮಲಗುವ ಮೊದಲು ಕಾಣಬೇಕು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮನೆ ಬಾಗಿಲು ತಟ್ಟುತ್ತಾ ಹೋದರೆ, ಆ ಹೊತ್ತಿಗೆ ಮನೆಯಲ್ಲಿ ಇರುವವರ ಊರು ಮಾತ್ರ ಕಾಣುತ್ತದೆ.

ಇನ್ನು ಎಷ್ಟು ಜನರನ್ನು ಕೇಳಬೇಕು ಎಂಬ ಮಾತು. 2011ರ ಗಣತಿಯಂತೆ ಬೃಹನ್ಮುಂಬಯಿಯಲ್ಲಿ 1 ಕೋಟಿ 24 ಲಕ್ಷ ಜನ. ಅಷ್ಟು ಜನರನ್ನು ಕೇಳಲಾಗದು, ಕೇಳಬೇಕಾಗಿಯೂ ಇಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ದೊಡ್ಡ ಹಂಡೆಯಲ್ಲಿ ಅನ್ನ ಬೇಯಿಸಿದ ಭಟ್ಟರನ್ನು ಕೇಳಿ. ತಳದಲ್ಲಿ ಸೀದಿರುತ್ತದೆ, ಮೇಲೆ ಅಕ್ಕಿಯಾಗಿಯೇ ಇರುತ್ತದೆ. ಅಡಿಯಿಂದ ತಿರುವಿ ಹಾಕಿ ತೆಗೆದ ಅಗುಳು ಮಾತ್ರ ನಿಜ ಹೇಳುತ್ತದೆ. ಸಂಖ್ಯಾಶಾಸ್ತ್ರವೂ ಇದನ್ನೇ ಹೇಳುತ್ತದೆ: ಯಾರ ಮರ್ಜಿಗೂ ಬಿಡದೆ ಚೀಟಿ ಎತ್ತಿದಂತೆ ಜನರನ್ನು ಆರಿಸಿದರೆ, ಸುಮಾರು ಒಂದು ಸಾವಿರ ಜನರ ಉತ್ತರದಿಂದ ಇಡೀ ನಗರದ ಅಭಿಪ್ರಾಯವನ್ನು ನೂರಕ್ಕೆ ಮೂರರ ಅತ್ತಿತ್ತಲೊಳಗೆ ಹೇಳಬಹುದು. ನೂರಕ್ಕೆ ಐದರ ಅತ್ತಿತ್ತ ಸಾಕೆಂದರೆ ನಾನೂರು ಜನ ಸಾಕು. ಊರು ಹತ್ತು ಲಕ್ಷದ್ದಾದರೂ ಕೋಟಿಯದ್ದಾದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ತಿರುವಿ ಹಾಕದೆ ಮೇಲಿನಿಂದಲೇ ಬಾಚಿದರೆ ಏನಾಗುತ್ತದೆ ಎಂಬುದಕ್ಕೆ 1936ರಲ್ಲಿ ಅಮೇರಿಕೆಯಲ್ಲಿ ನಡೆದುದು ಪ್ರಸಿದ್ಧ ಉದಾಹರಣೆ. ಅಲ್ಲಿನ 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆ ಅಧ್ಯಕ್ಷರ ಚುನಾವಣೆಯ ಮೊದಲು ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿ, ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಉತ್ತರ ತರಿಸಿಕೊಂಡು, ಲಾಂಡನ್ ಗೆಲ್ಲುವರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಪತ್ರಿಕೆಯವರು ವಿಳಾಸ ತೆಗೆದುಕೊಂಡುದು ಟೆಲಿಫೋನು ಉಳ್ಳವರ, ಮೋಟಾರು ಉಳ್ಳವರ ಪಟ್ಟಿಗಳಿಂದ. ಆ ಕಷ್ಟಕಾಲದಲ್ಲಿ ಬಡವನ ಹೆಸರು ಆ ಪಟ್ಟಿಗಳಲ್ಲಿ ಎಲ್ಲಿಂದ ಬರಬೇಕು? ಮೇಲಾಗಿ, ಬಂದ ಚೀಟಿಗೆ ಉತ್ತರ ಬರೆಯುವ ಉಮೇದು ಇದ್ದವರಷ್ಟೇ ಬರೆದರು. ಲಕ್ಷಗಟ್ಟಲೆ ಉತ್ತರ ಬಂದಿವೆ ಎಂದು ಹೆಮ್ಮೆಪಡುವ ಇಂದಿನ ಮೊಬೈಲು ಸಮೀಕ್ಷೆಗಳಿಗೂ ಈ ಪಾಠ ಸಲ್ಲುತ್ತದೆ. ಲಕ್ಷ ಜನ ಉತ್ತರಿಸಿದರು ಎಂಬುದು ದೊಡ್ಡ ಮಾತಲ್ಲ. ಯಾರು ಉತ್ತರಿಸಲಿಲ್ಲ ಎಂಬುದೇ ದೊಡ್ಡ ಮಾತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ವಾರ್ಡಿನಲ್ಲಿ ನಾನೂರು ಜನರನ್ನು ಕೇಳಿದರೆಂದು ಇಟ್ಟುಕೊಳ್ಳಿ. ಹಳೆಯ 24 ವಾರ್ಡುಗಳ ಲೆಕ್ಕ ಹಿಡಿದರೂ ನಗರಕ್ಕೆ 9,600 ಜನವಾಯಿತು, ಒಳ್ಳೆಯ ಸಮೀಕ್ಷೆಯೇ. ಆದರೆ ಕೆಲಸದ ಜಾಗದಲ್ಲೇ ಮಲಗುವವರು ವಾರ್ಡಿನಲ್ಲಿ ನೂರಕ್ಕೆ ಮೂವರು ಎಂದು ಊಹಿಸಿದರೆ, ಆ ನಾನೂರರಲ್ಲಿ ನಮ್ಮವರು ಹನ್ನೆರಡು ಮಂದಿ. ಹನ್ನೆರಡು ಮಂದಿಯ ಮಾತಿನಿಂದ ಏನನ್ನೂ ನಿಶ್ಚಯವಾಗಿ ಹೇಳಲಾಗದು. ಉಳಿದ 388ರ ಸರಾಸರಿಯಲ್ಲಿ ಅದು ಸಾರಿಗೆ ಬಿದ್ದ ಉಪ್ಪಿನಂತೆ ಕರಗುತ್ತದೆ. ಆದುದರಿಂದ ಇಂಥವರಿಗಾಗಿ ಪ್ರತ್ಯೇಕವಾಗಿ, ಅವರ ಪಾಲಿಗಿಂತ ಹೆಚ್ಚಾಗಿ ಜನರನ್ನು ಆರಿಸಿ, ಫಲಿತಾಂಶವನ್ನೂ ಪ್ರತ್ಯೇಕವಾಗಿ ಪ್ರಕಟಿಸಬೇಕು. ಇಡೀ ನಗರದ ಮೊತ್ತ ತೆಗೆಯುವಾಗ ಅವರನ್ನು ಅವರ ಪ್ರಮಾಣಕ್ಕೆ ಇಳಿಸಿಕೊಳ್ಳಲಿ. ಇದು ದಾಕ್ಷಿಣ್ಯವಲ್ಲ, ಲೆಕ್ಕದ ಸರಿಯಾದ ಕ್ರಮ.

ಈಗ ಏನನ್ನು ಕೇಳಬೇಕು ಎಂಬುದಕ್ಕೆ ಬರೋಣ. ಗಲ್ಲೆಯ ಬಳಿ ನಿಂತು, "ಊಟ ಹೇಗಿತ್ತು?" ಎಂದು ಕೇಳಿದರೆ ಗಿರಾಕಿ ಏನನ್ನುತ್ತಾನೆ? "ಚೆನ್ನಾಗಿತ್ತು" ಎನ್ನುತ್ತಾನೆ. ಅವನಿಗೆ ಅವಸರ, ಜಗಳ ಬೇಡ. ಊಟ ಹೇಗಿತ್ತೆಂದು ನಿಜವಾಗಿ ಬಲ್ಲವನು ಎಂಜಲು ಎತ್ತುವ ಹುಡುಗ. ತಟ್ಟೆಯಲ್ಲಿ ಉಳಿದ ಪಲ್ಯ ಅವನಿಗೆ ಎಲ್ಲವನ್ನೂ ಹೇಳುತ್ತದೆ. ನಾವು ಕ್ಲೀನರ್ ಆಗಿ ಕೆಲಸಕ್ಕೆ ಸೇರಿದವರು; ಈ ವಿದ್ಯೆ ಅಲ್ಲಿಯೇ ಕಲಿತುದು. ಹಾಗೆಯೇ "ನೀರಿನ ಬಗ್ಗೆ ತೃಪ್ತಿಯೆ?" ಎಂಬುದು ಗಲ್ಲೆಯ ಪ್ರಶ್ನೆ. "ನಿನ್ನೆ ನಳದಲ್ಲಿ ನೀರು ಎಷ್ಟು ಹೊತ್ತು ಬಂತು? ಯಾವಾಗ ಬಂತು? ನೀನು ಎಷ್ಟು ಕೊಡ ತುಂಬಿದೆ? ಹೊರಗಿನಿಂದ ಕೊಂಡೆಯಾ? ಎಷ್ಟು ಕೊಟ್ಟೆ?" ಎಂಬುದು ತಟ್ಟೆಯ ಪ್ರಶ್ನೆ. ಎರಡನೆಯದನ್ನು ಮೊದಲು ಕೇಳಿ, ಆಮೇಲೆ ಬೇಕಾದರೆ ತೃಪ್ತಿಯನ್ನು ಕೇಳಲಿ.

ಏಕೆಂದರೆ ತೃಪ್ತಿಯೆಂಬುದು ಮನುಷ್ಯನ ಆಸೆಯನ್ನು ಅವಲಂಬಿಸಿದ ವಸ್ತು. ಊರಿನಲ್ಲಿ ಬೇಸಗೆಯಲ್ಲಿ ಮೈಲಿ ನಡೆದು ಕೊಡ ತಂದವನು ಇಲ್ಲಿ ಎರಡು ಗಂಟೆ ನಳದ ನೀರು ಕಂಡರೆ ಕೈಮುಗಿಯುತ್ತಾನೆ. ಇಪ್ಪತ್ತನೆಯ ಮಾಳಿಗೆಯಲ್ಲಿ ಇರುವವರು ಒಂದು ದಿನ ನೀರು ತಡವಾದರೆ ಕಮಿಶನರರಿಗೆ ಪತ್ರ ಬರೆಯುತ್ತಾರೆ. ಬರಿಯ ತೃಪ್ತಿಯನ್ನು ಎಣಿಸಿದರೆ, ಮೊದಲನೆಯವನ ಗಲ್ಲಿಗೆ ಏನೂ ಬೇಡ, ಎರಡನೆಯವರ ಬೀದಿಗೇ ಹೊಸ ಪೈಪು ಬೇಕು ಎಂದು ಕಾಗದ ಹೇಳುತ್ತದೆ! ಮುಂಬಯಿಗೆ ಏಳು ಕೆರೆಗಳಿಂದ ದಿನಕ್ಕೆ ಸುಮಾರು 385 ಕೋಟಿ ಲೀಟರ್ ನೀರು ಬರುತ್ತದೆ. 2011ರ ಜನಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಮುನ್ನೂರು ಲೀಟರಿಗೂ ಮಿಕ್ಕುತ್ತದೆ. ಸೋರಿಹೋಗುವುದು, ಕಾರಖಾನೆಗಳಿಗೆ ಹೋಗುವುದು, ಆಮೇಲೆ ಬೆಳೆದ ಜನಸಂಖ್ಯೆ, ಇವನ್ನೆಲ್ಲ ಕಳೆದರೂ ಸರಾಸರಿಯ ಕಾಗದ ಹಸನಾಗಿಯೇ ಕಾಣುತ್ತದೆ. ಆ ಮುನ್ನೂರು ಲೀಟರು ಯಾರ ಬಕೆಟ್ಟಿಗೆ ಬಿತ್ತು ಎಂದು ಹೇಳುವುದಕ್ಕೇ ಸಮೀಕ್ಷೆ ಬೇಕಾಗಿರುವುದು.

ದೇಶದಲ್ಲಿ ನಡೆದ ದೊಡ್ಡ ಪ್ರಯತ್ನವನ್ನೂ ನೋಡೋಣ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಮಂತ್ರಾಲಯವು 'ಈಸ್ ಆಫ್ ಲಿವಿಂಗ್', ಅಂದರೆ ಸುಗಮ ಜೀವನದ ಸೂಚ್ಯಂಕ ಎಂದು 111 ನಗರಗಳನ್ನು ಅಳೆದು, 2021ರ ಮಾರ್ಚ್ ತಿಂಗಳಲ್ಲಿ ಪಟ್ಟಿ ಹೊರಡಿಸಿತು. ನೂರರಲ್ಲಿ 30 ಅಂಕ ಪೌರರ ಅಭಿಪ್ರಾಯಕ್ಕೆ. 32 ಲಕ್ಷಕ್ಕೂ ಹೆಚ್ಚು ಜನ ಉತ್ತರಿಸಿದರೆಂದು ಪ್ರಕಟವಾಯಿತು. ಹತ್ತು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ಬೆಂಗಳೂರು ಮೊದಲನೆಯದು, ಮುಂಬಯಿ ಹತ್ತನೆಯದು. ಆದರೆ ಪೌರರ ಅಭಿಪ್ರಾಯವೊಂದನ್ನೇ ಬೇರೆ ತೆಗೆದಾಗ ಮುಂದೆ ಬಂದ ಊರುಗಳು ಭುವನೇಶ್ವರ, ಸಿಲ್ವಾಸಾ, ಮೂರನೆಯದಾಗಿ ನಮ್ಮ ದಾವಣಗೆರೆ! ಹತ್ತಿಗಿರಣಿಗಳಿಂದ ಹೆಸರಾಗಿದ್ದ ಊರು, ಗಿರಣಿ ಬಂಧುಗಳಿಗೆ ಪರಿಚಯ ಹೇಳಬೇಕಾಗಿಲ್ಲ. ಸಂತೋಷವೇ. ಆದರೆ ಅಧಿಕಾರಿಗಳ ಅಳತೆಯ ಸಾಲು ಒಂದು, ಜನರ ಮನಸ್ಸಿನ ಸಾಲು ಇನ್ನೊಂದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಕಲಸಿ ಒಂದೇ ಅಂಕ ಮಾಡಿದರೆ ಎರಡರ ರುಚಿಯೂ ಕೆಡುತ್ತದೆ.

ಪ್ರಶ್ನೆಯನ್ನು ಜಾಣತನದಿಂದ ಕೆಡಿಸುವುದೂ ಉಂಟು. 2016ರಿಂದ ನಡೆದು ಬಂದ ಸ್ವಚ್ಛ ಸರ್ವೇಕ್ಷಣೆಯಲ್ಲಿ ಕೆಲವು ವರ್ಷ ಪೌರರಿಗೆ ಕೇಳುತ್ತಿದ್ದ ಮೊದಲನೆಯ ಪ್ರಶ್ನೆಯೇ, ನಿಮ್ಮ ನಗರ ಈ ಸ್ಪರ್ಧೆಯಲ್ಲಿ ಸೇರಿರುವುದು ನಿಮಗೆ ಗೊತ್ತೆ ಎಂಬುದಾಗಿತ್ತು. ಇದರಿಂದ ಬೀದಿ ಸ್ವಚ್ಛವಾಗಿದೆಯೋ ಎಂದು ತಿಳಿಯುವುದಿಲ್ಲ. ಜಾಹೀರಾತಿನ ಹಲಗೆ ದೊಡ್ಡದಾಗಿದೆಯೋ ಎಂದು ತಿಳಿಯುತ್ತದೆ. ಒಂದೇ ಉಸಿರಿನಲ್ಲಿ ಎರಡು ಮಾತು ಕೇಳುವುದೂ ತಪ್ಪು. "ನೀರೂ ಶೌಚಾಲಯವೂ ಸರಿಯಾಗಿವೆಯೆ?" ಎಂದರೆ, ನೀರು ಬರುವ, ಶೌಚಾಲಯವಿಲ್ಲದ ಗಲ್ಲಿಯವನು ಏನೆನ್ನಬೇಕು? ಹಾಗೆಯೇ "ಗೊತ್ತಿಲ್ಲ" ಎಂದವನನ್ನು ತೃಪ್ತರ ಕಡೆಗೆ ತಳ್ಳಬಾರದು. ಅವನಿಗೆ ಬೇರೆ ಕಟ್ಟು ಇರಲಿ.

ಚೆನ್ನಾಗಿ ಕೇಳಿದರೆ ಫಲವುಂಟು ಎಂಬುದಕ್ಕೆ ಕನ್ನಡನಾಡಿನ ರಾಜಧಾನಿಯೇ ಸಾಕ್ಷಿ. ಸ್ಯಾಮ್ಯುಯೆಲ್ ಪಾಲ್ ಎಂಬ ಹಿರಿಯರು 1990ರ ದಶಕದ ಆರಂಭದಲ್ಲಿ ಕೆಲವು ಸ್ನೇಹಿತರೊಡನೆ ಸೇರಿ ಬೆಂಗಳೂರಿನ ಪೌರರನ್ನು ಕೇಳಿಸಿ, 1994ರಲ್ಲಿ ನೀರು, ವಿದ್ಯುತ್ತು, ನಗರಪಾಲಿಕೆ ಮೊದಲಾದ ಇಲಾಖೆಗಳಿಗೆ ಶಾಲೆಯ ಮಕ್ಕಳಿಗೆ ಕೊಡುವಂಥ ಅಂಕಪಟ್ಟಿ ಹೊರಡಿಸಿದರು. ಅವರು ತೃಪ್ತಿಯೊಂದನ್ನೇ ಕೇಳಲಿಲ್ಲ. ಕೆಲಸಕ್ಕಾಗಿ ಎಷ್ಟು ಸಾರಿ ಕಚೇರಿಗೆ ಅಲೆದಿರಿ, ಕೆಲಸವಾಯಿತೆ, ಲಂಚ ಕೊಟ್ಟಿರಾ, ಎಷ್ಟು, ಎಂದೂ ಕೇಳಿದರು. ಕೊಳೆಗೇರಿಯ ಕುಟುಂಬಗಳ ಉತ್ತರವನ್ನು ಬೇರೆಯಾಗಿಯೇ ತೆಗೆದರು. ಮೊದಲ ಅಂಕಪಟ್ಟಿಯಲ್ಲಿ ಇಲಾಖೆಗಳ ಮುಖ ಕಪ್ಪಾಯಿತು. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಕಟ್ಟಿ 1999ರಲ್ಲಿ ಮತ್ತೆ, 2003ರಲ್ಲಿ ಮತ್ತೆ ಕೇಳಿದರು. ಎರಡನೆಯ ಸಾರಿ ಅಲ್ಪಸ್ವಲ್ಪ, ಮೂರನೆಯ ಸಾರಿ ಸ್ಪಷ್ಟವಾಗಿ, ಸುಧಾರಣೆ ಕಂಡಿತು. ಒಂದು ಸಮೀಕ್ಷೆಯಿಂದಲೇ ಎಲ್ಲ ಸರಿಹೋಯಿತೆಂದು ನಾವು ಹೇಳುವುದಿಲ್ಲ. ಸರಕಾರದ ಮನಸ್ಸು, ಪತ್ರಿಕೆಗಳ ಒತ್ತಾಯ ಎಲ್ಲವೂ ಸೇರಿದ್ದವು. ಆದರೆ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ, ಉತ್ತರವನ್ನು ಬಯಲಿನಲ್ಲಿ ಇಟ್ಟುದರಿಂದ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಮುಂಬಯಿಯಲ್ಲಿಯೂ 1997ರಲ್ಲಿ ಹುಟ್ಟಿದ ಪ್ರಜಾ ಫೌಂಡೇಶನ್ ಪೌರರ ದೂರುಗಳ ಲೆಕ್ಕವನ್ನು ಹೊರಡಿಸುತ್ತಾ ಬಂದಿದೆ. ಅಂದಮೇಲೆ ಪಾಲಿಕೆಗೆ ಮಾದರಿಯ ಕೊರತೆಯಿಲ್ಲ.

ಕೇಳುವವರು ಯಾರಿರಬೇಕು? ಯಾವ ಇಲಾಖೆಯ ಕೆಲಸವನ್ನು ಅಳೆಯಬೇಕಾಗಿದೆಯೋ ಆ ಇಲಾಖೆಯವರು ಇರಕೂಡದು. ಅಡಿಗೆ ಮಾಡಿದವರೇ ರುಚಿಯ ತೀರ್ಪು ಕೊಡಬಾರದು. ಧಣಿಗಳ, ಮೇಸ್ತ್ರಿಗಳ, ಮುಕಾದಮರ ಕಣ್ಣ ಮುಂದೆ ಕೇಳಕೂಡದು. ಹೆಸರು ಬರೆದುಕೊಳ್ಳಕೂಡದು. ಭಾಷೆಯ ಮಾತೂ ಇದೆ. ಮರಾಠಿ ಈ ಊರಿನ ಭಾಷೆ. ನಾವು ಅದನ್ನು ಗೌರವದಿಂದ ಕಲಿತಿದ್ದೇವೆ, ಕಲಿಯಬೇಕು. ಆದರೆ ಊರಿನಿಂದ ಮೊನ್ನೆ ಬಂದ ಹುಡುಗನಿಗೆ "ಮಲನಿಸ್ಸಾರಣ" ಎಂದರೆ ಏನು ತಿಳಿದೀತು? ಮುಂಬಯಿ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿದೆ; ಅವುಗಳಲ್ಲಿ ಕನ್ನಡವೂ ಒಂದು. ಕನ್ನಡದಲ್ಲಿ ಪಾಠ ಹೇಳಿಸಬಲ್ಲ ಪಾಲಿಕೆಗೆ ಒಂದು ಹಾಳೆ ಪ್ರಶ್ನೆ ಬರೆಯಿಸುವುದು ದೊಡ್ಡದಲ್ಲ. ಬರೆಯಿಸಿದ ಮೇಲೆ ಮೊದಲು ಒಂದೆರಡು ಗಲ್ಲಿಗಳಲ್ಲಿ ಕೇಳಿ ನೋಡಬೇಕು. ಮೊದಲ ದೋಸೆ ಕಾವಲಿಯ ಹದ ನೋಡುವುದಕ್ಕೆ. ಅದನ್ನು ಗಿರಾಕಿಗೆ ಬಡಿಸುವುದಿಲ್ಲ. ಯಾವ ಪ್ರಶ್ನೆ ಅಂಟಿಕೊಳ್ಳುತ್ತದೆ, ಯಾವುದು ಹರಿಯುತ್ತದೆ ಎಂದು ಆಗಲೇ ಗೊತ್ತಾಗುತ್ತದೆ.

ನಮಗೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. "ಇವರು ಇಂದು ಬಂದು ನಾಳೆ ಹೋಗುವವರು, ನಿವಾಸಿಗಳಲ್ಲ" ಎನ್ನುವರು. ಇಪ್ಪತ್ತು ವರ್ಷ ಒಂದೇ ಅಟ್ಟದಲ್ಲಿ ಮಲಗಿದ ಭಟ್ಟರು ನಮ್ಮ ಸಂಘದಲ್ಲಿದ್ದಾರೆ. ಇಂದು ಬಂದು ನಾಳೆ ಹೋಗುವ ಬಾಡಿಗೆಯ ಸಾಹೇಬರನ್ನು ನಿವಾಸಿಯೆನ್ನುವುದಾದರೆ ಭಟ್ಟರೇನು ಪ್ರವಾಸಿಗಳೆ? "ಅಲ್ಲಿ ಮಲಗುವುದೇ ಕಾಯಿದೆಗೆ ವಿರುದ್ಧ" ಎನ್ನುವರು. 2014ರ ಡಿಸೆಂಬರ್ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ, ಗುಡಿಸಲು ಅಕ್ರಮವೆಂಬ ಕಾರಣಕ್ಕೆ ಅದರಲ್ಲಿರುವ ಮನುಷ್ಯನಿಗೆ ಕುಡಿಯುವ ನೀರನ್ನು ನಿರಾಕರಿಸಲಾಗದೆಂದು ಹೇಳಿತು. ನೀರನ್ನೇ ನಿರಾಕರಿಸಲಾಗದಿದ್ದರೆ, "ನೀರು ಸಿಕ್ಕಿತೆ?" ಎಂಬ ಪ್ರಶ್ನೆಯನ್ನು ನಿರಾಕರಿಸಬಹುದೆ? "ಖರ್ಚು ಎಲ್ಲಿಂದ?" ಎನ್ನುವರು. 2025-26ನೇ ಸಾಲಿಗೆ ಈ ಪಾಲಿಕೆ ಮಂಡಿಸಿದ ಮುಂಗಡಪತ್ರ ಸುಮಾರು 74,427 ಕೋಟಿ ರೂಪಾಯಿಯದು. ಅದರ ಮುಂದೆ ಹತ್ತು ಸಾವಿರ ಜನರನ್ನು ಸರಿಯಾಗಿ ಕೇಳುವ ಖರ್ಚು ಎಂಥದು?

ನಮ್ಮ ಕಡೆಯ ಅಂಜಿಕೆಯನ್ನೂ ಮುಚ್ಚಿಡಬಾರದು. ನಿಜ ಹೇಳಿದರೆ ಹೋಟೆಲಿಗೆ ನೋಟೀಸು ಬಂದೀತು, ಮಲಗುವ ಜಾಗವೂ ಹೋದೀತು, ಬೀದಿಗೆ ಬಿದ್ದೇವು ಎಂದು ಬಹಳ ಮಂದಿ ಹೆದರುತ್ತಾರೆ. ಈ ಹೆದರಿಕೆ ಸುಳ್ಳಲ್ಲ. ಆದುದರಿಂದಲೇ ಸಮೀಕ್ಷೆಯ ಉತ್ತರ ದಂಡ ಹಾಕುವ ಇಲಾಖೆಯ ಕೈಗೆ ಹೆಸರು ವಿಳಾಸ ಸಹಿತ ಹೋಗಕೂಡದೆಂದು ಮೊದಲೇ ಬರಹದಲ್ಲಿ ಆಗಬೇಕು. ಬೀದಿಯ ಮಟ್ಟದ ಮೊತ್ತ ಹೋಗಲಿ. ಅದನ್ನು ಹಿಡಿದು ಪಾಲಿಕೆ ಶೌಚಾಲಯ ಕಟ್ಟಲಿ, ಕೆಲಸಗಾರರಿಗೆ ಕಡಿಮೆ ಬಾಡಿಗೆಯ ವಸತಿಯ ಯೋಚನೆ ಮಾಡಲಿ, ಬೆಂಕಿಯ ದಳದವರು ಬಾಗಿಲುಗಳನ್ನು ನೋಡಲಿ. ಜಾಗ ತೋರಿಸದೆ ಜಾಗ ಬಿಡಿಸುವುದು ಪರಿಹಾರವಲ್ಲ.

ಕೊನೆಯದಾಗಿ, ಕೇಳಿದ ಮೇಲೆ ಏನು? ಉತ್ತರ ಬಂದ ಮೂರು ತಿಂಗಳೊಳಗೆ ವಾರ್ಡುವಾರಾಗಿ ಅದನ್ನು ಪ್ರಕಟಿಸಬೇಕು, ಕಹಿಯಾದುದನ್ನೂ. ಮುಂದಿನ ಮುಂಗಡಪತ್ರದಲ್ಲಿ ಯಾವ ಉತ್ತರಕ್ಕೆ ಎಷ್ಟು ಹಣ ಇಟ್ಟಿರಿ ಎಂದು ಹೇಳಬೇಕು. ಎರಡು ವರ್ಷದ ಮೇಲೆ ಅದೇ ಪ್ರಶ್ನೆಗಳನ್ನು ಅದೇ ಮಾತಿನಲ್ಲಿ ಮತ್ತೆ ಕೇಳಬೇಕು. ಇಷ್ಟು ಮಾಡುವ ಮನಸ್ಸಿಲ್ಲದಿದ್ದರೆ ಸಮೀಕ್ಷೆಯನ್ನೇ ಮಾಡದಿರುವುದು ಒಳಿತು. ಹಸಿದವನನ್ನು ಏನು ಬೇಕೆಂದು ಕೇಳಿ, ಬರೆದುಕೊಂಡು, ಅಡಿಗೆಮನೆಗೆ ಹೋಗಿ ತಿರುಗಿ ಬಾರದ ಸಪ್ಲೈಯರನನ್ನು ಯಾವ ಗಿರಾಕಿ ಕ್ಷಮಿಸುತ್ತಾನೆ?

ಬಂಧುಗಳೇ, ಪಾಲಿಕೆಯವರು ಬರುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಸಂಘದ ಪ್ರತಿ ಶಾಖೆಯವರೂ ತಮ್ಮ ಬೀದಿಯ ಹೋಟೆಲು, ಖಾನಾವಳಿ, ಖೋಲಿಗಳಲ್ಲಿ ಮಲಗುವವರ ಲೆಕ್ಕ ತೆಗೆಯೋಣ. ಹೆಸರು ಬೇಡ. ಎಷ್ಟು ಮಂದಿ, ಎಷ್ಟು ನಳ, ಎಷ್ಟು ಹೊತ್ತು ನೀರು, ಎಷ್ಟು ಸಂಡಾಸು, ಹೊರಬೀಳಲು ಎಷ್ಟು ಬಾಗಿಲು: ಈ ಐದು ಪ್ರಶ್ನೆ ಸಾಕು. ಲೆಕ್ಕ ಬರೆಯಬಲ್ಲ ಹುಡುಗರು ಎಲ್ಲ ಶಾಖೆಗಳಲ್ಲೂ ಇದ್ದಾರೆ. ನಾವೂ ಏಳನೆಯ ಇಯತ್ತೆ ಓದಿದವರೇ, ಇಷ್ಟು ನಮ್ಮಿಂದಾಗುತ್ತದೆ. ಆ ಕಾಗದ ಹಿಡಿದು ವಾರ್ಡು ಕಚೇರಿಗೆ ಹೋಗೋಣ. ಮುಂದಿನ ಸಮೀಕ್ಷೆ ಯೋಜಿಸುವವರು, "ಇಂಥ ಜನ ಇದ್ದಾರೆಂದು ನಮಗೆ ತಿಳಿಯದು" ಎಂದು ಹೇಳುವಂತಾಗಬಾರದು.

ಇನ್ನೊಂದು ಮಾತು. ಯಾರಾದರೂ ಬಂದು ಕೇಳಿದಾಗ, ನಾವೇ "ಎಲ್ಲ ಠೀಕ್ ಇದೆ ಸಾಹೇಬ್" ಎಂದುಬಿಡುವ ಅಭ್ಯಾಸವನ್ನು ಬಿಡಬೇಕು. ಅದು ವಿನಯವಲ್ಲ, ಪಕ್ಕದಲ್ಲಿ ಮಲಗಿದವನಿಗೆ ಮಾಡುವ ದ್ರೋಹ. ಈ ಊರಿನ ಹಸಿವೆಯನ್ನು ದಿನವೂ ತಣಿಸುವವರು ನಾವು. ಊರು ಹೇಗಿದೆ ಎಂದು ಕೇಳಿದರೆ ಇದ್ದುದನ್ನು ಇದ್ದಂತೆ ಹೇಳೋಣ. ಕೇಳದಿದ್ದರೆ, ನಮ್ಮನ್ನೂ ಕೇಳಿ ಎಂದು ಕೇಳೋಣ.